‘ಕೆನಾಲ್’ ಎಂಬ ಮಾತು

ಮಲೆನಾಡಿನ ಮೇಲೆ ನಾಲ್ಕಾರು ದಿನ ಬಿಡದೆ ಮಳೆ ಸುರಿಯಿತೆಂದರೆ, ರಾಯಚೂರಿನ ಮನೆಗಳಲ್ಲಿ ರೇಡಿಯೋದ ಸುದ್ದಿಗೆ ಕಿವಿ ಚುರುಕಾಗುತ್ತದೆ. ತುಂಗಭದ್ರಾ ಜಲಾಶಯದ ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂಬ ಅಂಕಿಗಳನ್ನು ಕೇಳಿದೊಡನೆ ಹೊರಡುವ ಪ್ರಶ್ನೆ ಒಂದೇ: “ಕೆನಾಲಿಗಿ ನೀರು ಬಿಟ್ಟಾರೇನ್ರಿ?” ಮಳೆ ಬಿದ್ದುದು ಶಿವಮೊಗ್ಗ, ಚಿಕ್ಕಮಗಳೂರುಗಳ ಕಡೆ; ಪ್ರಶ್ನೆ ಹುಟ್ಟಿದ್ದು ಮಾನ್ವಿಯಲ್ಲಿ. ಈ ಎರಡನ್ನೂ ಜೋಡಿಸುವುದು ನಡುವೆ ಇರುವ ಆ ಮೂರಕ್ಷರದ ಇಂಗ್ಲಿಷ್ ಮಾತು.

ಇಂಗ್ಲಿಷ್ ಮಾತು ಎಂದೆನಷ್ಟೆ. ಆದರೆ ಮಾನ್ವಿ, ದೇವದುರ್ಗಗಳ ಸಂತೆಯಲ್ಲಿ ನಿಂತು ‘ಕೆನಾಲ್ ಪರಭಾಷೆಯ ಪದ’ ಎಂದರೆ ಕೇಳಿದವರು ನಕ್ಕಾರು. ಅಕ್ಷರ ಬಾರದವರ ಬಾಯಲ್ಲಿಯೂ ಅದು ಹೊಲ, ಬಿತ್ತನೆ, ಬತ್ತಗಳಷ್ಟೇ ಸಲೀಸು. ‘ಕೆನಾಲ್ ದಂಡಿ’ ಎಂದರೆ ಒಂದು ವಿಳಾಸ. ‘ಕೆನಾಲ್ ಹೊಲ’ ಎಂದರೆ ಒಂದು ಅಂತಸ್ತು. ಹೆಣ್ಣು ಕೊಡುವವರು ಕೂಡ ಹೊಲಕ್ಕೆ ಕೆನಾಲ್ ನೀರುಂಟೋ ಇಲ್ಲವೋ ಎಂದು ವಿಚಾರಿಸುವುದುಂಟು. ಇಷ್ಟು ಬಳಕೆಯಾದ ಮಾತು ಎಲ್ಲಿಂದ ಹೊರಟಿತು, ಯಾವ ಯಾವ ಊರುಗಳನ್ನು ಹಾದು ನಮ್ಮಲ್ಲಿಗೆ ಬಂತು ಎಂದು ನೋಡುವುದು ಸ್ವಾರಸ್ಯವಾದ ಕೆಲಸ. ಬರಿಯ ಸ್ವಾರಸ್ಯವಲ್ಲ, ಅದರಲ್ಲಿ ನಮಗೆ ಸಲ್ಲಬೇಕಾದ ಒಂದು ಅರ್ಥವೂ ಅಡಗಿದೆ.

ಇಂಗ್ಲಿಷಿನವರು ಈ ಮಾತನ್ನು ತಂದದ್ದು ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳಿಂದ. ಲ್ಯಾಟಿನ್ನಿನಲ್ಲಿ ‘ಕನಾಲಿಸ್’ ಎಂದರೆ ಕೊಳವೆ, ತೋಡು, ದೋಣಿ. ಅದು ಹುಟ್ಟಿದ್ದು ‘ಕನ್ನಾ’ ಎಂಬ ಇನ್ನೂ ಚಿಕ್ಕ ಮಾತಿನಿಂದ. ‘ಕನ್ನಾ’ ಎಂದರೆ ನೀರಂಚಿನಲ್ಲಿ ಬೆಳೆಯುವ ಜೊಂಡು. ಒಳಗೆ ಟೊಳ್ಳಾದ ದಂಟು. ಲ್ಯಾಟಿನ್ನಿಗೆ ಇದು ಗ್ರೀಕಿನಿಂದ ಬಂತು. ಗ್ರೀಕಿಗೆ ಪಶ್ಚಿಮ ಏಷ್ಯದ ಸೆಮಿಟಿಕ್ ಭಾಷೆಗಳಿಂದ ಬಂತು. ಯೂಫ್ರೆಟಿಸ್, ಟೈಗ್ರಿಸ್ ಎಂಬ ಎರಡು ಹೊಳೆಗಳ ನಡುವಣ ನಾಡಿನಲ್ಲಿ, ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಕ್ಕಾಡಿಯನ್ ಭಾಷೆಯನ್ನಾಡುತ್ತಿದ್ದವರು ಜೊಂಡಿಗೆ ‘ಕನೂ’ ಎನ್ನುತ್ತಿದ್ದರು. ಅಲ್ಲಿ ಜೊಂಡಿಗೆ ಬರವಿರಲಿಲ್ಲ. ಮನೆಯ ಗೋಡೆ ಜೊಂಡು, ಚಾಪೆ ಜೊಂಡು, ಹಸಿಮಣ್ಣಿನ ಹಲಗೆಯ ಮೇಲೆ ಅಕ್ಷರ ಒತ್ತುವ ಲೇಖನಿಯೂ ಜೊಂಡು.

ಎರಡು ಹೊಳೆಗಳ ನಡುವಣ ನಾಡು ಎಂದೊಡನೆ ರಾಯಚೂರಿನವರಿಗೆ ತಮ್ಮ ಊರೇ ನೆನಪಾದೀತು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ನಮ್ಮ ಪ್ರಾಚೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ‘ತೊರೆ’ಗಳ ‘ಎಡೆ’ಯಲ್ಲಿರುವುದು ಎಂದರ್ಥ. ಆಮೇಲೆ ಬಂದ ಪಾರಸಿಯವರು ‘ದೋಆಬ್’ ಎಂದರು, ಎರಡು ನೀರು. ಎರಡು ನೀರಿನ ನಡುವೆ ಇದ್ದೂ ಹೊಲಕ್ಕೆ ನೀರಿಲ್ಲದ ಬವಣೆ ಈ ನಾಡಿನದು. ಆದುದರಿಂದಲೇ ಕೆನಾಲ್ ಎಂಬುದು ಇಲ್ಲಿ ಇಷ್ಟು ತೂಕದ ಮಾತಾಯಿತು.

ಒಂದು ಟೊಳ್ಳು ದಂಟಿನಿಂದ ಎಷ್ಟು ಮಾತು ಹುಟ್ಟಬಹುದು? ಇಂಗ್ಲಿಷಿನಲ್ಲಿ ‘ಕೇನ್’ ಎಂದರೆ ಬೆತ್ತ. ಬೆತ್ತದ ಕುರ್ಚಿ, ಸಕ್ಕರೆಯ ಕಬ್ಬು, ಮೇಷ್ಟರ ಕೈಯ ಕೋಲು ಎಲ್ಲಕ್ಕೂ ಅದೇ ಹೆಸರು. ಜೊಂಡಿನಲ್ಲಿ ಹೆಣೆದ ಬುಟ್ಟಿಗೆ ಗ್ರೀಕರಿಟ್ಟ ಹೆಸರು ಬೆಳೆದು ‘ಕ್ಯಾನಿಸ್ಟರ್’ ಆಯಿತು. ಇಟಲಿಯವರು ‘ದೊಡ್ಡ ಕೊಳವೆ’ ಎಂಬ ಅರ್ಥದಲ್ಲಿ ‘ಕನ್ನೋನೆ’ ಎಂದರು. ಅದೇ ಇಂಗ್ಲಿಷಿನ ‘ಕ್ಯಾನನ್’, ನಮ್ಮ ಫಿರಂಗಿ. ರಾಯಚೂರು ಕೋಟೆಯ ಬೆಟ್ಟವನ್ನೇರಿದವರು ಅಲ್ಲಿ ಮಲಗಿರುವ ಉದ್ದನೆಯ ಫಿರಂಗಿಯನ್ನು ನೋಡಿರುತ್ತಾರೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹನೂ ಈ ಕೋಟೆಗಾಗಿಯೇ ಕಾದಾಡಿದಾಗ ಬಯಲೆಲ್ಲ ಫಿರಂಗಿಗಳ ಸದ್ದು ಮೊಳಗಿತ್ತು. ಕೋಟೆಯ ಮೇಲಿನ ಕ್ಯಾನನ್ನಿಗೂ ಹೊಲದ ಅಂಚಿನ ಕೆನಾಲಿಗೂ ತಾಯಿ ಒಬ್ಬಳೇ. ಒಂದು ಕೊಳವೆಯಲ್ಲಿ ಬೆಂಕಿ ಹೋಯಿತು, ಇನ್ನೊಂದರಲ್ಲಿ ನೀರು ಹೋಯಿತು, ಅಷ್ಟೇ ವ್ಯತ್ಯಾಸ.

ಕೆನಾಲಿಗೆ ಒಬ್ಬ ಅವಳಿ ಅಣ್ಣನೂ ಉಂಟು. ಲ್ಯಾಟಿನ್ನಿನ ಅದೇ ‘ಕನಾಲಿಸ್’ ಹಳೆಯ ಫ್ರೆಂಚಿನವರ ಬಾಯಲ್ಲಿ ಹೊರಳಿ ‘ಚಾನಲ್’ ಆಗಿ ಮೊದಲೇ ಇಂಗ್ಲಿಷಿಗೆ ಬಂದಿತ್ತು. ಆಮೇಲೆ ಪಂಡಿತರು ಮೂಲಕ್ಕೆ ಹತ್ತಿರವಾದ ‘ಕೆನಾಲ್’ ರೂಪವನ್ನು ಮತ್ತೊಮ್ಮೆ ತಂದರು. ಒಂದೇ ಮಾತು ಎರಡು ಬಾಗಿಲಿನಿಂದ ಮನೆಯೊಳಗೆ ಬಂದಂತೆ. ಬಂದ ಮೇಲೆ ಇಬ್ಬರೂ ಕೆಲಸ ಹಂಚಿಕೊಂಡರು. ಹೊಳೆಯ ಪಾತ್ರ, ಕಡಲಿನ ಇಕ್ಕಟ್ಟಾದ ಭಾಗ ಚಾನಲ್ಲಿಗೆ ಬಂದವು. ಮೈಯೊಳಗಿನ ನಾಳಗಳು ಕೆನಾಲಿಗೆ ಹೋದವು. ಹಲ್ಲಿನ ವೈದ್ಯರು ಇಂದು ಮಾಡುವ ‘ರೂಟ್ ಕೆನಾಲ್’ ಚಿಕಿತ್ಸೆಯ ಹೆಸರಿನಲ್ಲಿರುವುದು ಈ ಹಳೆಯ ಅರ್ಥವೇ. ಮನುಷ್ಯ ತೋಡಿದ ನೀರಿನ ದಾರಿ ಎಂಬ ಅರ್ಥ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಿಂತದ್ದು 17ನೆಯ ಶತಮಾನದಿಂದೀಚೆಗೆ.

ಚಾನಲ್ ನಮ್ಮ ನಾಡಿಗೆ ಬಂದು ಇನ್ನೂ ಎರಡು ವೇಷ ಹಾಕಿತು. ರೇಡಿಯೋ, ಟೆಲಿವಿಷನ್‌ಗಳ ಚಾನಲ್ ಒಂದು. ಅದಕ್ಕೆ ಕನ್ನಡದಲ್ಲಿ ‘ವಾಹಿನಿ’ ಎಂದು ಹೆಸರಿಟ್ಟವರು ಜಾಣರು. ವಾಹಿನಿ ಎಂದರೆ ಹೊಳೆ. ನೀರಿನ ಮಾತಿಗೆ ನೀರಿನ ಮಾತೇ ಸಿಕ್ಕಿತು. ಇನ್ನೊಂದು ವೇಷ ಸರಕಾರಿ ಕಚೇರಿಯದು. ಅರ್ಜಿ ಯಾವಾಗಲೂ ‘ಥ್ರೂ ಪ್ರಾಪರ್ ಚಾನಲ್’ ಬರಬೇಕು. ಕೆನಾಲಿಗೆ ನೀರು ಬಂದಿಲ್ಲವೆಂದು ರೈತ ಬರೆದ ಅರ್ಜಿ ಚಾನಲ್ಲಿನಲ್ಲಿ ಹರಿಯುತ್ತ ಹೋಗುತ್ತದೆ. ಕೆಲವು ಸಲ ನೀರಿನಂತೆಯೇ ನಡುದಾರಿಯಲ್ಲಿ ಇಂಗಿಯೂ ಹೋಗುತ್ತದೆ!

ಮಾತಿನ ಅರ್ಥವನ್ನು ಸರಿಯಾಗಿ ತಿಳಿಯದಿದ್ದರೆ ಎಂತಹ ಅವಾಂತರವಾದೀತು ಎಂಬುದಕ್ಕೆ ಈ ಮಾತೇ ಒಂದು ನಿದರ್ಶನ. 1877ರಲ್ಲಿ ಇಟಲಿಯ ಖಗೋಳವಿಜ್ಞಾನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳ ಗ್ರಹವನ್ನು ನೋಡಿ, ಅದರ ಮೈಮೇಲೆ ‘ಕನಾಲಿ’ಗಳಿವೆಯೆಂದು ಬರೆದ. ಇಟಲಿಯ ಭಾಷೆಯಲ್ಲಿ ಅದಕ್ಕೆ ತೋಡು, ಬಿರುಕು, ತಾನಾಗಿ ಆದ ಕಾಲುವೆ ಎಂಬ ಅರ್ಥವೂ ಸಲ್ಲುತ್ತದೆ. ಇಂಗ್ಲಿಷಿಗೆ ಅದು ‘ಕೆನಾಲ್’ ಆಗಿ ಬಂತು. ಕೆನಾಲ್ ಇದ್ದ ಮೇಲೆ ತೋಡಿದವರೂ ಇರಬೇಕಲ್ಲ! ಅಮೆರಿಕದ ಪರ್ಸಿವಲ್ ಲೋವೆಲ್ ಎಂಬಾತ, ಒಣಗುತ್ತಿರುವ ಗ್ರಹಕ್ಕೆ ಧ್ರುವದ ಹಿಮದಿಂದ ನೀರು ತರುವ ಮಂಗಳವಾಸಿಗಳ ನೀರಾವರಿ ಅದು ಎಂದು ಪುಸ್ತಕಗಳನ್ನೇ ಬರೆದ. 1965ರಲ್ಲಿ ಮ್ಯಾರಿನರ್ 4 ಎಂಬ ನೌಕೆ ಹತ್ತಿರ ಹೋಗಿ ಚಿತ್ರ ತೆಗೆದಾಗ ಕಂಡದ್ದು ಕುಳಿಗಳು ಮಾತ್ರ. ಕೆನಾಲ್ ಇರಲಿಲ್ಲ, ರೈತರೂ ಇರಲಿಲ್ಲ.

ಇಷ್ಟು ಹೊತ್ತು ಪಶ್ಚಿಮಕ್ಕೆ ಹೋದ ಕವಲನ್ನು ನೋಡಿದೆವು. ಅದೇ ಸೆಮಿಟಿಕ್ ಜೊಂಡು ಪೂರ್ವಕ್ಕೂ ಬಂತು. ಅರಬ್ಬೀ ಭಾಷೆಯಲ್ಲಿ ‘ಕನಾತ್’ ಎಂದರೆ ಜೊಂಡು, ಭರ್ಜಿಯ ಕೋಲು, ನೀರಿನ ಕಾಲುವೆ. ಇರಾನಿನಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ಸುರಂಗ ತೋಡಿ ಊರಿಗೆ ತರುವ ವ್ಯವಸ್ಥೆಗೆ ಕನಾತ್ ಎಂದೂ ಕರೇಜ್ ಎಂದೂ ಹೆಸರು. ಅಂತಹುದನ್ನು ನೋಡಲು ಇರಾನಿಗೇ ಹೋಗಬೇಕಾಗಿಲ್ಲ. ನಮ್ಮ ಬೀದರಿಗೆ ಹೋದರೆ ಸಾಕು. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿನ ಜಂಬಿಟ್ಟಿಗೆಯ ನೆಲವನ್ನು ಕೊರೆದು ಮಾಡಿದ ಕರೇಜ್ ನೌಬಾದಿನ ಬಳಿ ಇಂದಿಗೂ ಇದೆ. ಜನ ಅದನ್ನು ‘ಸುರಂಗ ಬಾವಿ’ ಎನ್ನುತ್ತಾರೆ. ಅಂದಮೇಲೆ ರಾಯಚೂರಿನ ಕೆನಾಲ್ ಮತ್ತು ಬೀದರಿನ ಕನಾತ್, ಒಂದೇ ಬೇರಿನಿಂದ ಹೊರಟು ಒಂದು ಲಂಡನ್ನಿನ ದಾರಿಯಾಗಿ, ಇನ್ನೊಂದು ಇರಾನಿನ ದಾರಿಯಾಗಿ ಬಂದು, ಕಲ್ಯಾಣ ಕರ್ನಾಟಕದಲ್ಲಿ ನೆರೆಹೊರೆಯವರಾಗಿ ನಿಂತಿವೆ.

ಹಾಗಾದರೆ ನಮಗೆ ನಮ್ಮದೇ ಮಾತು ಇರಲಿಲ್ಲವೆ? ಧಾರಾಳವಾಗಿ ಇತ್ತು. ‘ಕಾಲುವೆ’ ಅಚ್ಚ ದ್ರಾವಿಡ ಮಾತು. ತೆಲುಗಿನ ‘ಕಾಲುವ’, ತಮಿಳಿನ ‘ಕಾಲ್ವಾಯ್’ ಅದರ ಒಡಹುಟ್ಟುಗಳು. ವಿಜಯನಗರದ ಅರಸರು ತುಂಗಭದ್ರೆಗೆ ಕಟ್ಟೆ ಹಾಕಿ ತೆಗೆದ ಕಾಲುವೆಗಳಲ್ಲಿ ಹಂಪಿಯ ಬಳಿಯ ತುರ್ತು ಕಾಲುವೆಯೂ ಒಂದು. ಇಂದಿಗೂ ಅದು ಗದ್ದೆಗಳಿಗೆ ನೀರುಣಿಸುತ್ತಿದೆ. ಕಟ್ಟೆಯ ಮಾತಿನಲ್ಲಂತೂ ಕೊಟ್ಟವರು ನಾವು. ಇಂಗ್ಲಿಷ್ ನಿಘಂಟಿನಲ್ಲಿರುವ ‘ಆನಿಕಟ್’ ಎಂಬುದು ನಮ್ಮ ದಕ್ಷಿಣದ ಅಣೆಕಟ್ಟೇ. ಅದನ್ನು ಅವರು ತಮಿಳರಿಂದ ಎತ್ತಿಕೊಂಡರು. ಅವರ ಕೆನಾಲ್ ನಮಗೆ, ನಮ್ಮ ಅಣೆಕಟ್ಟು ಅವರಿಗೆ, ಲೆಕ್ಕ ಸಮವಾಯಿತು.

ಇನ್ನೊಂದು ಮಾತು ‘ನಾಲೆ’. ಮೈಸೂರು, ಮಂಡ್ಯಗಳ ಕಡೆ ಇದೇ ಹೆಚ್ಚು ಬಳಕೆ. ಇದು ಸಂಸ್ಕೃತದ ‘ನಾಲ’ದಿಂದ ಬಂದದ್ದು. ನಾಲ ಎಂದರೇನು? ತಾವರೆಯ ದಂಟು, ಒಳಗೆ ಟೊಳ್ಳಾದದ್ದು. ಅದರ ಬಳಗದ ‘ನಳ’ ಎಂದರೆ ಜೊಂಡು! ಸಾವಿರಾರು ಮೈಲಿ ಆಚೆ ಸೆಮಿಟಿಕ್ ಜನ ಯಾವ ಗಿಡವನ್ನು ನೋಡಿ ನೀರಿನ ದಾರಿಗೆ ಹೆಸರಿಟ್ಟರೋ, ಅಂತಹುದೇ ಗಿಡವನ್ನು ನೋಡಿ ನಮ್ಮವರೂ ಹೆಸರಿಟ್ಟರು. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದಲ್ಲ; ನೀರು ಇಬ್ಬರಿಗೂ ಒಂದೇ ಪಾಠ ಹೇಳಿತು. ಮಕ್ಕಳ ಸಾಲೂ ಒಂದೇ ತೆರನಾಯಿತು. ಅವರಲ್ಲಿ ಮೈಯೊಳಗಿನ ಕೆನಾಲ್, ನಮ್ಮಲ್ಲಿ ರಕ್ತನಾಳ, ಅನ್ನನಾಳ. ಅವರಲ್ಲಿ ಕ್ಯಾನನ್, ನಮ್ಮಲ್ಲಿ ಬಂದೂಕಿನ ನಳಿಗೆ. ಬೆಂಗಳೂರಿನವರು ‘ನಲ್ಲಿ’ ಎನ್ನುವುದನ್ನು ರಾಯಚೂರಿನ ಮನೆಗಳಲ್ಲಿ ‘ನಳ’ ಎನ್ನುತ್ತಾರೆ. ‘ನಳ ಬಂತು, ಕೊಡ ಇಡು’ ಎನ್ನುವ ಗೃಹಿಣಿ ತನಗರಿಯದೆಯೇ ಆ ಹಳೆಯ ಜೊಂಡಿನ ಹೆಸರನ್ನು ದಿನವೂ ಹೇಳುತ್ತಿದ್ದಾಳೆ.

ಮೂರೂ ಮಾತುಗಳನ್ನು ಕೈಯಲ್ಲಿ ಹಿಡಿದು ಈಗ ಅರ್ಥಕ್ಕೆ ಬರೋಣ. ಜೊಂಡಿನ ಗುಣ ಯಾವುದು? ಎರಡು ತುದಿಯೂ ತೆರೆದಿರುವುದು. ಈ ತುದಿಯಲ್ಲಿ ಹೊಕ್ಕದ್ದು ಆ ತುದಿಯಲ್ಲಿ ಹೊರಬರಬೇಕು. ನಡುವೆ ಕಟ್ಟಿಕೊಂಡರೆ, ಸೀಳಿದರೆ, ಅದು ಗಿಡವಾಗಿ ಉಳಿದೀತು, ಕೊಳವೆಯಾಗಿ ಉಳಿಯದು. ಕೆನಾಲಿನ ಹೆಸರಿನಲ್ಲಿಯೇ ಕೊನೆಯ ತುದಿಗೆ ಕೊಟ್ಟ ಒಂದು ಮಾತುಂಟು.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಸ್ತಿಭಾರ ಹಾಕಿದರು. ಆಗ ಬಲದಂಡೆ ಮದರಾಸು ಪ್ರಾಂತಕ್ಕೆ, ಎಡದಂಡೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲು ಪ್ರಾರಂಭವಾಯಿತು. ಮುನಿರಾಬಾದಿನಲ್ಲಿ ಹೊರಟ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಸೀಮೆಯನ್ನು ಹಾದು ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರು ಬರುತ್ತದೆ. ಹಳೆಯ ಲೆಕ್ಕದಲ್ಲಿ 141 ಮೈಲಿ. ದೇಶವೆಲ್ಲ ಕಿಲೋಮೀಟರಿಗೆ ತಿರುಗಿ ಎಷ್ಟೋ ದಶಕಗಳಾದರೂ ಕಾಲುವೆಯ ಮೇಲೆ ಇನ್ನೂ ಮೈಲಿಯದೇ ರಾಜ್ಯ. ‘ಮೈಲ್ 69ರಲ್ಲಿ ಗೇಜ್ ಎಷ್ಟು, ಮೈಲ್ 104ರಲ್ಲಿ ಎಷ್ಟು’ ಎಂದು ರೈತರು ಕೇಳುತ್ತಾರೆ. ಗೇಜ್ ಎಂದರೆ ಆ ಸ್ಥಳದಲ್ಲಿ ನಿಂತ ನೀರಿನ ಎತ್ತರ. ಅಲ್ಲಿ ನೀರು ಒಂದಡಿ ಇಳಿದರೆ ಕೆಳಗಿನ ಎಷ್ಟೋ ಹಳ್ಳಿಗಳ ಪೈರು ಬಾಡುತ್ತದೆ.

ಈ ಕಾಲುವೆಯನ್ನು ಯೋಜಿಸಿದವರ ಉದ್ದೇಶ ಬರವನ್ನು ತಡೆಯುವುದು. ಇದ್ದ ನೀರನ್ನು ತೆಳ್ಳಗೆ, ಆದಷ್ಟು ಹೆಚ್ಚು ನೆಲಕ್ಕೆ ಹರಡಬೇಕು. ಬಹುಭಾಗದಲ್ಲಿ ಜೋಳ, ಹತ್ತಿ, ನೆಲಗಡಲೆಗಳಂತಹ ಕಡಿಮೆ ನೀರಿನ ಬೆಳೆ, ಸ್ವಲ್ಪ ಭಾಗದಲ್ಲಿ ಮಾತ್ರ ಬತ್ತ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದೂ ಗೊತ್ತುಮಾಡಿದ್ದರು. ಆದರೆ ನೀರು ಕಣ್ಣೆದುರಿಗೆ ತುಂಬಿ ಹರಿಯುತ್ತಿರುವಾಗ, ಬತ್ತಕ್ಕೆ ಒಳ್ಳೆಯ ಧಾರಣೆ ಇರುವಾಗ, ಜೋಳ ಬಿತ್ತುವವರು ಯಾರು? ಮೇಲ್ಭಾಗದಲ್ಲಿ ಗದ್ದೆಗಳು ಹಬ್ಬಿದವು. ಗೊತ್ತುಮಾಡದ ನೆಲಕ್ಕೂ ನೀರು ಹೋಯಿತು, ಪಂಪುಗಳು ಕುಳಿತವು. ಸಿಂಧನೂರು, ಗಂಗಾವತಿಗಳು ಅಕ್ಕಿಯ ಪೇಟೆಗಳಾಗಿ ಬೆಳೆದವು. ಆ ಬೆಳವಣಿಗೆ ಸಣ್ಣದಲ್ಲ. ಅದರಿಂದ ಸಾವಿರಾರು ಮನೆಗಳು ಎದ್ದು ನಿಂತಿವೆ. ಆದರೆ ಕೊಳವೆಯ ಆ ತುದಿಯಲ್ಲಿ, ಮಾನ್ವಿಯ ಕೆಳಭಾಗ ಮತ್ತು ರಾಯಚೂರು ತಾಲ್ಲೂಕಿನಲ್ಲಿ, ‘ಟೇಲ್ ಎಂಡ್’ ಎಂಬ ಇನ್ನೊಂದು ಇಂಗ್ಲಿಷ್ ಮಾತು ಮನೆಮಾತಾಯಿತು. ಬಾಲದ ತುದಿ. ಅಲ್ಲಿ ಕಾಲುವೆ ಉಂಟು, ತೂಬು ಉಂಟು, ದಾಖಲೆಯಲ್ಲಿ ನೀರಾವರಿಯೂ ಉಂಟು. ನೀರು ಮಾತ್ರ ಬಂದರೆ ಬಂತು.

ದೇವದುರ್ಗದ ನೀರು ಬೇರೆ. ಅಲ್ಲಿಗೆ ಕೃಷ್ಣೆಯಿಂದ, 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆ ಬರುತ್ತದೆ. ಹೊಳೆ ಬೇರೆಯಾದರೂ ತುದಿಯ ಹಳ್ಳಿಯವರ ಪ್ರಶ್ನೆ ಬೇರೆಯಲ್ಲ.

ಇದು ರೈತರ ಚಿಂತೆ, ಪೇಟೆಯವರಿಗೇನು ಎಂದುಕೊಳ್ಳುವಂತಿಲ್ಲ. ರಾಯಚೂರು ನಗರದ ಕುಡಿಯುವ ನೀರಿನ ಒಂದು ಪಾಲು ಇದೇ ಎಡದಂಡೆ ಕಾಲುವೆಯಿಂದ ಬಂದು ರಾಮಪುರದ ಜಲಾಶಯದಲ್ಲಿ ನಿಲ್ಲುತ್ತದೆ. ಅಂದರೆ ಮನೆಯ ನಳವೂ ಆ ಕೆನಾಲಿನ ಬಾಲದ ತುದಿಯೇ. ಮೂಲದಲ್ಲಿಯೂ ನೀರು ಮೊದಲಿನಷ್ಟಿಲ್ಲ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತಿತ್ತು. ವಾರದೊಳಗೆ, ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ಅದನ್ನು ಮುಚ್ಚಿದರು.

ಕೊನೆಗೆ ಆ ಜೊಂಡಿನ ಇನ್ನೊಂದು ಮಗುವನ್ನು ಹೇಳದೆ ಈ ಕಥೆ ಮುಗಿಯದು. ನೆಟ್ಟಗೆ ಬೆಳೆಯುವ ಜೊಂಡನ್ನು ಹಿಂದಿನವರು ಅಳತೆಯ ಕೋಲಾಗಿ ಬಳಸಿದರು. ಗ್ರೀಕರಲ್ಲಿ ‘ಕನ್ನಾ’ದಿಂದ ‘ಕನೋನ್’ ಎಂಬ ಮಾತು ಹುಟ್ಟಿತು. ಮೊದಲು ಅಳತೆಗೋಲು, ಆಮೇಲೆ ನಿಯಮ. ಅರಬರು ಅದನ್ನು ತಮ್ಮದಾಗಿಸಿಕೊಂಡು ‘ಕಾನೂನ್’ ಎಂದರು. ನಮ್ಮ ಕೋರ್ಟು ಕಚೇರಿಗಳ ‘ಕಾನೂನು’ ಅದೇ. ಕೆನಾಲ್ ಮತ್ತು ಕಾನೂನು ಒಂದೇ ಜೊಂಡಿನ ಎರಡು ತುಂಡುಗಳು: ಒಂದರಲ್ಲಿ ನೀರು ಹರಿಯುತ್ತದೆ, ಇನ್ನೊಂದರಿಂದ ಅಳೆಯುತ್ತಾರೆ. ನೀರಾವರಿಯ ಕಾನೂನು ನಮ್ಮಲ್ಲಿ 1965ರಿಂದಲೇ ಇದೆ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಆದರೆ ಅಳತೆಗೋಲು ಗೋಡೆಗೆ ಒರಗಿಸಿಟ್ಟರೆ ಅಳೆಯುವುದಿಲ್ಲ. ಅದನ್ನು ಹಿಡಿದು ದಂಡೆಯ ಮೇಲೆ ನಡೆಯಬೇಕು. ಮೇಲಿನವರು ಕೆಳಗಿನವರನ್ನು ಮರೆಯದೆ ತೂಬು ಇಳಿಸುವ ನಡತೆಯೂ ಅದರ ಜೊತೆಗೆ ಬೇಕು.

ಮುಂದಿನ ಮಳೆಗಾಲದಲ್ಲಿ ‘ಕೆನಾಲಿಗಿ ನೀರು ಬಿಟ್ಟಾರೇನ್ರಿ’ ಎಂದು ಯಾರಾದರೂ ಕೇಳಿದಾಗ, ಇನ್ನೊಂದು ಪ್ರಶ್ನೆಯನ್ನೂ ಕೂಡಿಸಿ ಕೇಳಬಹುದು: ‘ಬಿಟ್ಟಾರ ಸರಿ, ತುದಿಗೆ ಮುಟ್ಟೇತೇನು?’ ಆ ಮಾತಿನ ಪೂರ್ತಿ ಅರ್ಥ ಅಷ್ಟು ಕೇಳಿದಾಗಲೇ ಆಗುವುದು.